ಮೆಷಿನ್ ಆಮೇಲೆ ಬರಲಿ, ಮೊದಲು ಗಡಿಯಾರ ನೋಡಿ
ಚಟ್ನಿಪುಡಿ ಘಟಕ ಶುರು ಮಾಡುವವರು ದಿನದ ಕೆಲಸ ಹೊಂದಿಸಿಕೊಳ್ಳುವ ಬಗೆ

ನಿಮ್ಮ ಕೈಯ ಶೇಂಗಾ ಚಟ್ನಿಪುಡಿ ತಿಂದವರೆಲ್ಲ ‘ಅಂಗಡಿಗೆ ಕೊಡ್ರಿ, ಕಣ್ಣು ಮುಚ್ಚಿ ಹೋಗತೈತಿ’ ಅನ್ನುತ್ತಾರೆ. ನಂಬಿ ಶುರು ಮಾಡುತ್ತೀರಿ. ಸಾಲ ಮಾಡಿ ಪುಡಿ ಮಾಡುವ ಮೆಷಿನ್ ತರುತ್ತೀರಿ, ಹೆಸರು ಅಚ್ಚು ಹಾಕಿಸಿದ ಪೌಚುಗಳು ಸಾವಿರಗಟ್ಟಲೆ ಬಂದು ಬೀಳುತ್ತವೆ, ಪೂಜೆಯೂ ಆಗುತ್ತದೆ. ಮೂರನೇ ತಿಂಗಳಿಗೆ ನೋಡಿದರೆ ಮೆಷಿನ್ ದಿನಕ್ಕೆ ಒಂದೂವರೆ ಗಂಟೆ ತಿರುಗಿ ಸುಮ್ಮನಾಗುತ್ತದೆ, ನೀವು ಮಾತ್ರ ರಾತ್ರಿ ಹತ್ತರವರೆಗೆ ಬಾಣಲೆ ಮುಂದೆ ನಿಂತಿರುತ್ತೀರಿ. ಆರ್ಡರ್ ಕೊಟ್ಟ ಅಂಗಡಿಯವರು ಮಾಲು ಎಲ್ಲಿ ಅನ್ನುತ್ತಾರೆ. ಮಾಲು ಒಯ್ದವರು ದುಡ್ಡು ಮುಂದಿನ ವಾರ ಅನ್ನುತ್ತಾರೆ.

ಮನೆಯಿಂದ ಶುರುವಾಗುವ ತಿನಿಸಿನ ಉದ್ಯಮಗಳಲ್ಲಿ ಇದು ತೀರಾ ಸಾಮಾನ್ಯ ಪಾಡು. ರುಚಿ, ಬಂಡವಾಳ, ಲೋಗೊ ಎಲ್ಲದರ ಬಗ್ಗೆ ತಲೆ ಕೆಡಿಸಿಕೊಳ್ಳುತ್ತೇವೆ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆದರೆ ಸಂಜೆ ಐದರೊಳಗೆ ಯಾವ ಕೆಲಸ ಯಾವುದರ ಹಿಂದೆ ಬರುತ್ತದೆ, ಯಾವುದಕ್ಕೆ ಎಷ್ಟು ಹೊತ್ತು, ಯಾರ ಕೈ ಎಂಬುದನ್ನು ಮಾತ್ರ ಯಾರೂ ಬರೆದಿಟ್ಟಿರುವುದಿಲ್ಲ. ಈ ಲೇಖನ ಅಷ್ಟಕ್ಕೇ ಸೀಮಿತ. ಉದಾಹರಣೆಗೆ ಶೇಂಗಾ ಚಟ್ನಿಪುಡಿಯನ್ನು ಇಟ್ಟುಕೊಂಡಿದ್ದೇನೆ. ಸಾಂಬಾರ್ ಪುಡಿ, ಅಗಸಿ ಹಿಂಡಿ, ಚಕ್ಕುಲಿ ಮಾಡುವವರಿಗೂ ಲೆಕ್ಕದ ದಾರಿ ಇದೇ.

ನಿಧಾನದ ಹಂತವೇ ಯಜಮಾನ

ಸಾಲಾಗಿ ನಡೆಯುವ ಯಾವುದೇ ಕೆಲಸದಲ್ಲಿ ಎಲ್ಲಕ್ಕಿಂತ ನಿಧಾನವಾಗಿ ಸಾಗುವ ಹಂತ ಒಂದಿರುತ್ತದೆ. ದಿನಕ್ಕೆ ಎಷ್ಟು ಮಾಲು ಹೊರಬರಬೇಕು ಎಂದು ತೀರ್ಮಾನಿಸುವುದು ಅದೇ. ಉಳಿದ ಹಂತಗಳನ್ನು ಎಷ್ಟೇ ಚುರುಕು ಮಾಡಿದರೂ ಮಾಲು ಅಲ್ಲಿ ಬಂದು ನಿಲ್ಲುತ್ತದೆ.

ಇದನ್ನು ಚೆನ್ನಾಗಿ ಬಿಡಿಸಿದ ಉದಾಹರಣೆ ಲಿಜ್ಜತ್ ಹಪ್ಪಳದ್ದು. 1959ರ ಮಾರ್ಚ್‌ನಲ್ಲಿ ಮುಂಬೈನ ಗಿರಗಾಂವ್‌ನಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ತಂದು ಶುರು ಮಾಡಿದ ಕೆಲಸ ಅದು. ಹಪ್ಪಳದಲ್ಲಿ ಹೊತ್ತು ತಿನ್ನುವುದು ಲಟ್ಟಿಸುವುದು. ಹಿಟ್ಟನ್ನು ಕೇಂದ್ರದಲ್ಲೇ ಕಲಸಿ, ತೂಕ ಮಾಡಿ ಹೆಂಗಸರಿಗೆ ಕೊಡುತ್ತಾರೆ. ಅವರು ಮನೆಗೆ ಒಯ್ದು ಲಟ್ಟಿಸಿ, ಒಣಗಿಸಿ, ಮರುದಿನ ತಂದು ಒಪ್ಪಿಸುತ್ತಾರೆ. ರುಚಿ ಎಲ್ಲ ಕಡೆ ಒಂದೇ ಇರಬೇಕಾದ ಹಂತ ಒಂದೇ ಸೂರಿನಡಿ ಉಳಿಯಿತು, ನಿಧಾನದ ಹಂತ ಸಾವಿರ ಮನೆಗಳಿಗೆ ಹಂಚಿಹೋಯಿತು. ದೊಡ್ಡ ಯಂತ್ರವಿಲ್ಲದೆ ಅಷ್ಟು ಬೆಳೆದದ್ದರ ಹಿಂದೆ ಈ ಹಂಚಿಕೆಯ ಪಾಲು ದೊಡ್ಡದು.

ಇನ್ನು ನಿಮ್ಮ ಅಡುಗೆಮನೆಗೆ ಬನ್ನಿ.

1. ಒಂದೇ ಮಾಲಿನಿಂದ ಶುರು ಮಾಡಿ

ಶೇಂಗಾ, ಗುರೆಳ್ಳು, ಅಗಸಿ, ಪುಟಾಣಿ ಎಲ್ಲವೂ ಬರುತ್ತದೆ ಎಂದು ಎಲ್ಲವನ್ನೂ ಒಟ್ಟಿಗೆ ಹಚ್ಚಿಕೊಳ್ಳಬೇಡಿ. ಒಂದು ಪುಡಿ ಮುಗಿಸಿ ಇನ್ನೊಂದಕ್ಕೆ ಹೋಗುವಾಗಲೆಲ್ಲ ಬಾಣಲೆ, ತಟ್ಟೆ, ಮೆಷಿನ್ ಎಲ್ಲ ತೊಳೆದು ಒಣಗಿಸಬೇಕು. ಅರ್ಧ ಗಂಟೆ ಅದಕ್ಕೇ ಹೋಯಿತು. ಶೇಂಗಾ ಬೀಸಿದ ಮೆಷಿನ್ನಿನಲ್ಲೇ ಸಾಂಬಾರ್ ಪುಡಿ ಬೀಸಿದರೆ ಇನ್ನೊಂದು ತೊಡಕು: ಶೇಂಗಾ ಆಗದವರಿಗೆ ಅದರ ಚೂರೂ ಅಪಾಯ. ಲೇಬಲ್ ಮೇಲೆ ಅಲರ್ಜಿಯ ಮಾಹಿತಿ ಹಾಕುವುದು ಕಾನೂನಿನಲ್ಲೇ ಇದೆ, ಶೇಂಗಾ ಆ ಪಟ್ಟಿಯಲ್ಲಿದೆ. ಮೊದಲ ಆರು ತಿಂಗಳು ಒಂದು, ಹೆಚ್ಚೆಂದರೆ ಎರಡು ಮಾಲು ಸಾಕು.

2. ಗಡಿಯಾರ ಹಿಡಿದು ಒಂದು ದಿನ ಕೆಲಸ ಮಾಡಿ

ಮನೆಯವರೊಬ್ಬರ ಕೈಗೆ ನೋಟ್‌ಬುಕ್ ಕೊಟ್ಟು ಕೂರಿಸಿ. ಹಸನು ಮಾಡುವುದು, ಹುರಿಯುವುದು, ಆರಲು ಬಿಟ್ಟು ಸಿಪ್ಪೆ ತೆಗೆಯುವುದು, ಬೀಸುವುದು, ತೂಗಿ ತುಂಬಿ ಸೀಲ್ ಮಾಡುವುದು ಎಲ್ಲದಕ್ಕೂ ಶುರುವಾದ ಹೊತ್ತು, ಮುಗಿದ ಹೊತ್ತು, ಒಳಗೆ ಹೋದ ತೂಕ, ಹೊರಗೆ ಬಂದ ತೂಕ ಬರೆಯಲಿ. ನೀವು ಅವಸರ ಮಾಡಬೇಡಿ, ಎಂದಿನಂತೆ ಮಾಡಿ. ಯಾರೋ ನೋಡುತ್ತಿದ್ದಾರೆಂದು ಚುರುಕಾಗಿ ಮಾಡಿದರೆ ಆ ಲೆಕ್ಕ ವರ್ಷವಿಡೀ ಸುಳ್ಳು ಹೇಳುತ್ತದೆ.

ಹೀಗೆ ಬಂದ ಲೆಕ್ಕ ಇಂಥದ್ದಿರಬಹುದು. ಉಪ್ಪು, ಖಾರ, ಬೆಳ್ಳುಳ್ಳಿ ಬಿಟ್ಟು ಬರೀ ಶೇಂಗಾದ ತೂಕ ಹಿಡಿದಿದ್ದೇನೆ.

ಹಸನು ಮಾಡುವುದು, ಇಬ್ಬರು: ಗಂಟೆಗೆ 12 ಕೆಜಿ
ಹುರಿಯುವುದು, ಒಂದು ಬಾಣಲೆ, 20 ನಿಮಿಷಕ್ಕೆ 3 ಕೆಜಿಯ ಒಂದು ಒಬ್ಬೆ: ಗಂಟೆಗೆ 9 ಕೆಜಿ
ಆರಲು ಬಿಡುವುದು, 3 ಕೆಜಿಯ 6 ತಟ್ಟೆ, ಒಂದು ಸುತ್ತಿಗೆ ಒಂದೂವರೆ ಗಂಟೆ: ಗಂಟೆಗೆ 12 ಕೆಜಿ
ಬೀಸುವುದು: ಗಂಟೆಗೆ 20 ಕೆಜಿ
ತುಂಬುವುದು, ಇಬ್ಬರು, 200 ಗ್ರಾಮಿನ 75 ಪೌಚು: ಗಂಟೆಗೆ 15 ಕೆಜಿ

ಇಲ್ಲಿ ಯಜಮಾನ ಬಾಣಲೆ. ಮೆಷಿನ್ ಗಂಟೆಗೆ 20 ಕೆಜಿ ಬೀಸಿದರೂ ಅದರ ಬಾಯಿಗೆ ಬರುವುದು ಒಂಬತ್ತೇ. ಕೊನೆಯ ಒಬ್ಬೆ ಆರಿ, ಬೀಸಿ, ತುಂಬಿ ಮುಗಿಯಬೇಕೆಂದರೆ ಹುರಿಯುವ ಕೆಲಸ ದಿನದ ಮೊದಲ ನಾಲ್ಕು ಗಂಟೆಯಲ್ಲೇ ಮುಗಿಯಬೇಕು. ಅಂದರೆ ದಿನಕ್ಕೆ 36 ಕೆಜಿ. ನೀವು ಗಂಟೆಗೆ 50 ಕೆಜಿ ಬೀಸುವ ಮೆಷಿನ್ ತಂದರೂ 36 ಕೆಜಿಯೇ. ಸಾಲದ ಕಂತು ಮಾತ್ರ ಹೆಚ್ಚುತ್ತದೆ.

3. ನಿಧಾನದ ಹಂತಕ್ಕೆ ಮಾತ್ರ ದುಡ್ಡು ಹಾಕಿ

ಮೇಲಿನ ಲೆಕ್ಕದಲ್ಲಿ ಇನ್ನೊಂದು ಒಲೆ, ಇನ್ನೊಂದು ಬಾಣಲೆ, ಅದಕ್ಕೊಂದು ಕೈ ಸೇರಿಸಿದರೆ ಹುರಿಯುವುದು ಗಂಟೆಗೆ 18 ಕೆಜಿಗೆ ಏರುತ್ತದೆ. ಈಗ ಹಸನು ಮಾಡುವುದೂ ಆರಲು ಬಿಡುವುದೂ ಹಿಂದೆ ಬಿದ್ದವು, ಎರಡೂ 12ರಲ್ಲಿವೆ. ಹಸನು ಮಾಡುವುದನ್ನು ಹಿಂದಿನ ದಿನವೇ ಮುಗಿಸಿಡಬಹುದು, ಅದಕ್ಕೆ ಖರ್ಚಿಲ್ಲ. ಇನ್ನೂ 3 ತಟ್ಟೆ ತಂದರೆ ಆರುವುದೂ 18ಕ್ಕೆ ಬರುತ್ತದೆ. ಈಗ ತುಂಬುವವರು ಹಿಂದೆ ಬೀಳುತ್ತಾರೆ, ಆದರೆ 15 ಅಂದರೆ ಮೊದಲಿನ 9ಕ್ಕಿಂತ ಎಷ್ಟೋ ಮುಂದೆ. ಕೆಲವೇ ಸಾವಿರ ರೂಪಾಯಿಯಲ್ಲಿ ಕೆಲಸ ಒಂದೂವರೆ ಪಟ್ಟು ದಾಟಿತು, ಹಳೆಯ ಮೆಷಿನ್ ಇದ್ದಲ್ಲೇ ಇದೆ.

ನಿಧಾನದ ಹಂತ ಹೀಗೆ ಒಂದರಿಂದ ಇನ್ನೊಂದಕ್ಕೆ ಜಾರುತ್ತಲೇ ಇರುತ್ತದೆ. ಮೂರು ತಿಂಗಳಿಗೊಮ್ಮೆ ಗಡಿಯಾರದ ಲೆಕ್ಕ ಮತ್ತೆ ಮಾಡಿ. ಯಾವ ದಿನ ಬೀಸುವುದೇ ಹಿಂದೆ ಬಿತ್ತೋ ಅಂದು ಮೆಷಿನ್ ಅಂಗಡಿಗೆ ಹೋಗಿ. ಅಲ್ಲಿಯವರೆಗೆ ಊರಿನ ಖಾರ ಕುಟ್ಟುವ ಗಿರಣಿಯವರಿಗೆ ಕೆಜಿ ಲೆಕ್ಕದಲ್ಲಿ ಕೊಟ್ಟು ಬೀಸಿಸಿಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಎದುರಿಗೆ ನಿಂತು ಮೊದಲು ತೊಳೆಸಿ, ಅಷ್ಟೇ.

4. ಆರುವ ಹೊತ್ತನ್ನು ಕದಿಯಬೇಡಿ

ಎಲ್ಲರೂ ಹೊತ್ತು ಉಳಿಸಲು ನೋಡುವುದು ಇಲ್ಲೇ. ಮಾಲು ಕೆಡುವುದೂ ಇಲ್ಲೇ.

ಬಿಸಿ ಇರುವ ಪುಡಿಯನ್ನು ಪೌಚಿಗೆ ತುಂಬಿ ಸೀಲ್ ಮಾಡಿದರೆ ಒಳಗಿನ ಹಬೆ ತಣ್ಣಗಾಗಿ ಪೌಚಿನ ಒಳಮೈಗೆ ನೀರಿನ ಪಸೆಯಾಗಿ ಕೂರುತ್ತದೆ. ಉಪ್ಪು, ಬೆಲ್ಲ ಎರಡೂ ಪಸೆ ಹೀರುವ ಪದಾರ್ಥಗಳು. ಹತ್ತು ದಿನಕ್ಕೆ ಪುಡಿ ಗಂಟು ಕಟ್ಟುತ್ತದೆ, ಆಮೇಲೆ ಬೂಸ್ಟು. ಹುರಿದ ಶೇಂಗಾ ಬಿಸಿ ಇದ್ದಾಗಲೇ ಬೀಸಿದರೆ ಎಣ್ಣೆ ಬಿಟ್ಟು ಮೆಷಿನ್ನಿನಲ್ಲೇ ಮುದ್ದೆಯಾಗುತ್ತದೆ. ಬೀಸುವಾಗಲೂ ಬಿಸಿ ಹುಟ್ಟುತ್ತದೆ. ಒಂದೇ ಸಮ ಓಡಿಸಿದರೆ ಮೆಣಸಿನಕಾಯಿ, ಕೊತ್ತಂಬರಿಯ ಘಮ ಅಲ್ಲೇ ಹಾರಿಹೋಗುತ್ತದೆ. ಅದಕ್ಕೇ ಎರಡು ಸಲ ಆರಿಸಬೇಕು: ಹುರಿದ ಮೇಲೊಮ್ಮೆ, ಬೀಸಿದ ಮೇಲೊಮ್ಮೆ.

ಗುರುತು ಸುಲಭ. ತಟ್ಟೆಯ ನಡುವೆ, ರಾಶಿಯ ಒಳಗೆ ಬೆರಳು ತೂರಿಸಿ. ಅಂಚು ತಣ್ಣಗಿದ್ದರೆ ಸಾಲದು, ನಡುವೆಯೂ ಬೆಚ್ಚಗೆ ಇರಬಾರದು. ತಟ್ಟೆಯಲ್ಲಿ ಎರಡು ಬೆರಳಿಗಿಂತ ದಪ್ಪ ಹರಡಬೇಡಿ. ಹೊತ್ತು ಉಳಿಸಬೇಕೆಂದರೆ ಇನ್ನೆರಡು ತಟ್ಟೆ ತನ್ನಿ.

ಬೆಳ್ಳುಳ್ಳಿಯ ವಿಷಯವೂ ಇಲ್ಲಿಗೇ ಸೇರಿದ್ದು. ಮನೆಯಲ್ಲಿ ವಾರದೊಳಗೆ ಖಾಲಿಯಾಗುವ ಚಟ್ನಿಗೆ ಹಸಿ ಬೆಳ್ಳುಳ್ಳಿ ಹಾಕಿ ಕುಟ್ಟಿದರೆ ರುಚಿಗೆ ರುಚಿ. ಅಂಗಡಿಯ ಕಪಾಟಿನಲ್ಲಿ ಎರಡು ತಿಂಗಳು ಕೂರಬೇಕಾದ ಪೌಚಿಗೆ ಅದು ನೀರನ್ನೇ ತುಂಬಿದ ಹಾಗೆ. ಒಣಗಿಸಿ ಗರಿಗರಿಯಾಗುವಂತೆ ಹುರಿದು ಹಾಕಿ. ಹುಣಸೆಹಣ್ಣಿಗೂ ಇದೇ ಮಾತು. ಅಜ್ಜಿಯ ರುಚಿಗಿಂತ ಒಂದು ಕೂದಲೆಳೆ ಕಡಿಮೆಯಾಗುತ್ತದೆ, ನಿಜ. ಅಂಗಡಿಯ ಮಾಲಿಗೆ ಆ ರಾಜಿ ಮಾಡಿಕೊಳ್ಳಲೇಬೇಕು ಎಂಬುದು ನನ್ನ ಅಭಿಪ್ರಾಯ.

5. ಕೋಣೆಯಲ್ಲಿ ಮಾಲು ಹಿಂದಕ್ಕೆ ಬರಬಾರದು

ಕಚ್ಚಾ ಚೀಲ ಒಂದು ಬಾಗಿಲಿನ ಹತ್ತಿರ, ಸಿದ್ಧವಾದ ಡಬ್ಬ ಎದುರು ಗೋಡೆಗೆ. ನಡುವೆ ಹಸನು, ಒಲೆ, ತಟ್ಟೆ, ಮೆಷಿನ್, ತಕ್ಕಡಿ ಇದೇ ಸಾಲಿನಲ್ಲಿ. ಕೋಣೆ ಹತ್ತಡಿ ಇದ್ದರೂ ಈ ಸಾಲು ಸಾಧ್ಯ. ಹಸನು ಮಾಡುವ ಧೂಳು ಸಿದ್ಧ ಪುಡಿಯ ಮೇಲೆ ಬೀಳಬಾರದು, ಒಲೆಯ ಬಿಸಿ ತುಂಬುವ ಮೇಜಿಗೆ ತಾಗಬಾರದು. ಚೀಲಗಳನ್ನು ನೆಲದ ಮೇಲಿಡದೆ ಮರದ ಹಲಗೆ ಮೇಲಿಡಿ, ಗೋಡೆಗೂ ತಾಗದಿರಲಿ.

ಗ್ಯಾಸ್ ಮತ್ತು ಕರೆಂಟಿನ ಬಗ್ಗೆ ಮೊದಲೇ ಕೇಳಿಕೊಳ್ಳಿ. ಮನೆಬಳಕೆಯ 14.2 ಕೆಜಿ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ, 19 ಕೆಜಿಯ ವಾಣಿಜ್ಯ ಸಿಲಿಂಡರ್ ಬೇಕು. ಬೆಲೆ ಕಟ್ಟುವಾಗ ಇದರ ದರವನ್ನೇ ಹಿಡಿಯಿರಿ. ಮನೆಯ ಮೀಟರಿನಲ್ಲಿ ಘಟಕ ನಡೆಸಿ ಸಿಕ್ಕಿಬಿದ್ದರೆ ದಂಡ ಕಟ್ಟಬೇಕಾಗುತ್ತದೆ. ಮೆಷಿನ್ನಿಗೆ 3-ಫೇಸ್ ಬೇಕೆಂದರೆ ನಿಮ್ಮ ಊರಿನಲ್ಲಿ ಅದು ಯಾವ ಹೊತ್ತಿಗೆ ಇರುತ್ತದೆಂದು ಲೈನ್‌ಮನ್ ಹತ್ತಿರ ಕೇಳಿ. ರಾತ್ರಿ ಮಾತ್ರ ಬರುವ ಕರೆಂಟನ್ನು ನಂಬಿ ಹಗಲಿನ ಕೆಲಸ ಹೊಂದಿಸಲಾಗದು.

6. ಖರೀದಿಗೆ ವರ್ಷದ ಕ್ಯಾಲೆಂಡರ್

ಅಡುಗೆಮನೆಯ ಉದ್ಯಮದಲ್ಲಿ ಖರ್ಚಿನ ದೊಡ್ಡ ಪಾಲು ಕಚ್ಚಾ ಮಾಲಿನದು. ಅದು ವರ್ಷವಿಡೀ ಒಂದೇ ದರದಲ್ಲಿ, ಒಂದೇ ಗುಣದಲ್ಲಿ ಸಿಗುವುದಿಲ್ಲ. ಬ್ಯಾಡಗಿ ಪೇಟೆಗೆ ಹೊಸ ಮೆಣಸಿನಕಾಯಿ ಜೋರಾಗಿ ಬರುವುದು ಜನವರಿಯಿಂದ ಏಪ್ರಿಲ್ ನಡುವೆ. ಹುಣಸೆಹಣ್ಣೂ ಬೇಸಿಗೆಯ ಹೊಸ್ತಿಲಲ್ಲೇ ಬರುತ್ತದೆ, ಕೊತ್ತಂಬರಿ ಬೀಜ, ಅರಿಶಿನವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಶೇಂಗಾ ಎರಡು ಸಲ: ಮುಂಗಾರಿನದು ಅಕ್ಟೋಬರ್‌ನಿಂದ, ಬೇಸಿಗೆ ಬೆಳೆಯದು ಏಪ್ರಿಲ್, ಮೇ ತಿಂಗಳಲ್ಲಿ. ಹಾಗಾಗಿ ಫೆಬ್ರುವರಿಯಿಂದ ಮೇ ತನಕ ನಿಮ್ಮ ಕೈಯಿಂದ ಹಣ ಹೋಗುತ್ತಲೇ ಇರುತ್ತದೆ, ಬರುವುದು ಮಾತ್ರ ಹನ್ನೆರಡು ತಿಂಗಳೂ ಚೂರುಚೂರಾಗಿ.

ಹಾಗಾದರೆ ಮಾರ್ಚ್‌ನಲ್ಲೇ ವರ್ಷದ ಮೆಣಸಿನಕಾಯಿ ಕೊಂಡುಬಿಡಬೇಕೆ? ಮನೆಗೆ ಕೊಳ್ಳುವ ಅಭ್ಯಾಸ ಹಾಗೆ ಹೇಳುತ್ತದೆ. ಉದ್ಯಮಕ್ಕೆ ಮೊದಲ ವರ್ಷ ಬೇಡ. ಮನೆಯ ಉಷ್ಣತೆಯಲ್ಲಿ ಇಟ್ಟ ಮೆಣಸಿನಕಾಯಿ ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಮಾಸುತ್ತದೆ, ಪಸೆ ಎಳೆದುಕೊಂಡು ಮೆತ್ತಗಾಗುತ್ತದೆ, ಹುಳು ಬೀಳುವುದೂ ಉಂಟು. ಬ್ಯಾಡಗಿಯಲ್ಲಿ ಅಷ್ಟೊಂದು ಶೀತಲಗೃಹಗಳು ಎದ್ದಿರುವುದು ಸುಮ್ಮನೆ ಅಲ್ಲ. ಶೀತಲಗೃಹದಲ್ಲಿ ಇಟ್ಟ ಮಾಲನ್ನು ತಿಂಗಳ ಲೆಕ್ಕದಲ್ಲಿ ಕೊಡುವ ವ್ಯಾಪಾರಿ ಹಿಡಿಯಿರಿ. ಕೆಜಿಗೆ ನಾಲ್ಕು ಕಾಸು ಹೆಚ್ಚು ಬೀಳುತ್ತದೆ. ಲಕ್ಷ ರೂಪಾಯಿ ಮಾಲು ನಿಮ್ಮ ಅಟ್ಟದ ಮೇಲೆ ಕೂತು ಬಣ್ಣ ಕಳೆದುಕೊಳ್ಳುವುದಕ್ಕಿಂತ ಅದು ವಾಸಿ.

ಕೊಳ್ಳುವಾಗ ನೋಡುವ ಬಗೆ: ಮೆಣಸಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಚೆನ್ನಾಗಿ ಒಣಗಿದ್ದರೆ ಬೀಜ ಗಲಗಲ ಎನ್ನುತ್ತದೆ. ಶೇಂಗಾ ಚೀಲದ ಬಾಯಿಯಿಂದಷ್ಟೇ ನೋಡದೆ ತಳದಿಂದಲೂ ಒಂದು ಹಿಡಿ ತೆಗೆಸಿ. ಮುರುಟಿದ, ಕಪ್ಪಾದ, ಬೂಸ್ಟು ಹಿಡಿದ ಕಾಳು ಕಂಡರೆ ಆ ಚೀಲವೇ ಬೇಡ. ಶೇಂಗಾಕ್ಕೆ ಬರುವ ಬೂಸ್ಟಿನಿಂದ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ‘ಹುರಿದರೆ ಎಲ್ಲಾ ಸರಿಹೋಗ್ತದೆ’ ಎಂಬ ಮಾತನ್ನು ಈ ವಿಷಯದಲ್ಲಿ ನಂಬಬೇಡಿ.

ಪ್ರತಿ ಪದಾರ್ಥಕ್ಕೂ ‘ಇಷ್ಟಕ್ಕೆ ಇಳಿದರೆ ಫೋನ್ ಮಾಡು’ ಎಂಬ ಗುರುತು ಇಡಿ. ದಿನಕ್ಕೆ 30 ಕೆಜಿ ಶೇಂಗಾ ಬೇಕು, ವ್ಯಾಪಾರಿ ಮಾಲು ತಲುಪಿಸಲು 4 ದಿನ ತೆಗೆದುಕೊಳ್ಳುತ್ತಾನೆ, ಹಬ್ಬ ಮಳೆ ಎಂದು ಇನ್ನೆರಡು ದಿನ ಹಿಡಿಯಿರಿ. 6 ದಿನ, 30 ಕೆಜಿ, ಒಟ್ಟು 180 ಕೆಜಿ. ದಾಸ್ತಾನು ಅಲ್ಲಿಗೆ ಬಂದ ಸಂಜೆಯೇ ಫೋನ್ ಹೋಗಬೇಕು. ಪೌಚ್ ಮತ್ತು ಲೇಬಲಿಗೂ ಇದೇ ಲೆಕ್ಕ. ಪುಡಿ ಸಿದ್ಧವಿದ್ದು ಪೌಚ್ ಇಲ್ಲದೆ ನಿಂತ ಘಟಕಗಳು ಬೇಕಾದಷ್ಟಿವೆ.

7. ಕೈಗಳ ಲೆಕ್ಕ

ಹಳ್ಳಿಯಲ್ಲಿ ಕೆಲಸಕ್ಕೆ ಬರುವ ಹೆಂಗಸರು ಬಿತ್ತನೆ, ಕಳೆ, ಸುಗ್ಗಿಯ ದಿನಗಳಲ್ಲಿ ಹೊಲಕ್ಕೆ ಹೋಗುತ್ತಾರೆ. ಅಲ್ಲಿ ಕೂಲಿ ಹೆಚ್ಚು, ಕೆಲವರಿಗೆ ಸ್ವಂತ ಹೊಲವೂ ಇರುತ್ತದೆ. ಅದನ್ನು ತಡೆಯಲು ಹೋಗಬೇಡಿ, ಆ ವಾರಗಳ ಉತ್ಪಾದನೆಯನ್ನೇ ಕಡಿಮೆ ಹಿಡಿಯಿರಿ. ಪ್ರತಿ ಹಂತವೂ ಕನಿಷ್ಠ ಇಬ್ಬರಿಗೆ ಬರಬೇಕು. ಹುರಿಯುವ ಹದ ನಿಮಗೊಬ್ಬರಿಗೇ ಗೊತ್ತು ಎಂದಾದರೆ ನಿಮಗೆ ಜ್ವರ ಬಂದ ದಿನ ಘಟಕಕ್ಕೂ ರಜೆ. ಹದವನ್ನು ಬರೆದು ಗೋಡೆಗೆ ಅಂಟಿಸಿ: ಎಷ್ಟು ಕೆಜಿ, ಎಷ್ಟು ಉರಿ, ಎಷ್ಟು ನಿಮಿಷ, ಸಿಪ್ಪೆ ಉಜ್ಜಿದರೆ ಹೇಗೆ ಬಿಡಬೇಕು. ನಿಮ್ಮ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಮನೆಯವರ ದುಡಿಮೆ ಪುಕ್ಕಟೆ ಎಂದುಕೊಂಡು ಕಟ್ಟಿದ ಬೆಲೆ, ಮೊದಲ ಸಂಬಳದಾಳು ಬಂದ ದಿನವೇ ಮುರಿದುಬೀಳುತ್ತದೆ.

8. ಹಣ ತಿರುಗಿ ಬರಲು ಎಷ್ಟು ದಿನ?

ತಿಂಗಳಿಗೆ ಒಂದು ಲಕ್ಷ ರೂಪಾಯಿ ವ್ಯಾಪಾರ, ಅದರಲ್ಲಿ ಕಚ್ಚಾ ಮಾಲು, ಪೌಚ್ ಎಲ್ಲ ಸೇರಿ 60,000 ರೂಪಾಯಿ ಖರ್ಚು ಎಂದುಕೊಳ್ಳಿ. ಕೊಂಡ ಮಾಲು ಪುಡಿಯಾಗಿ ಅಂಗಡಿ ಸೇರಲು 30 ದಿನ. ಅಂಗಡಿಯವರು ದುಡ್ಡು ಕೊಡುವುದು 45 ದಿನಕ್ಕೆ. ಒಟ್ಟು 75 ದಿನ, ಅಂದರೆ ಎರಡೂವರೆ ತಿಂಗಳು. 60,000ದ ಎರಡೂವರೆ ಪಟ್ಟು, ಒಂದೂವರೆ ಲಕ್ಷ ರೂಪಾಯಿ ಯಾವಾಗಲೂ ದಾರಿಯಲ್ಲೇ ಇರುತ್ತದೆ. ಕೂಲಿ, ಬಾಡಿಗೆ, ಗ್ಯಾಸ್ ಬೇರೆ. ವ್ಯಾಪಾರ ಇಮ್ಮಡಿಯಾದರೆ ಈ ಮೊತ್ತವೂ ಇಮ್ಮಡಿ. ಲಾಭ ಕಾಣುತ್ತಿದ್ದರೂ ಕೈಯಲ್ಲಿ ಕಾಸಿಲ್ಲ ಎಂಬ ಗೋಳಿಗೆ ಕಾರಣ ಇದೇ. ಆರ್ಡರ್ ಹೆಚ್ಚಿದಷ್ಟೂ ಗೋಳು ಹೆಚ್ಚುತ್ತದೆ.

ಇದನ್ನು ಇಳಿಸುವ ದಾರಿ ಎರಡೇ: ದಾಸ್ತಾನಿನ ದಿನ ಕಡಿಮೆ ಮಾಡುವುದು, ಉದ್ರಿಯ ದಿನ ಕಡಿಮೆ ಮಾಡುವುದು. ‘ಮಾಲು ಇಟ್ಟು ಹೋಗಿ, ಮಾರಿದ ಮೇಲೆ ಕೊಡ್ತೀವಿ’ ಎನ್ನುವ ಅಂಗಡಿಗಳಿಗೆ ಮೊದಲ ಸಲ ಸ್ವಲ್ಪ ಮಾತ್ರ ಇಡಿ. ಹಿಂದಿನದರ ಹಣ ಬಂದ ಮೇಲೆ ಮುಂದಿನದು. ನಗದು ಕೊಡುವವರಿಗೆ ಎರಡು ರೂಪಾಯಿ ಇಳಿಸಿ ಕೊಟ್ಟರೂ ಲಾಭವೇ. ದೊಡ್ಡ ಖರೀದಿದಾರರ ಜೊತೆ ವ್ಯವಹರಿಸುವಾಗ 2006ರ ಎಂಎಸ್‌ಎಂಇ ಕಾಯ್ದೆ ನೆನಪಿರಲಿ: ಸರ್ಕಾರದ ಉದ್ಯಮ್ ಜಾಲತಾಣದಲ್ಲಿ ನೋಂದಣಿ ಇರುವ ಕಿರು, ಸಣ್ಣ ಉತ್ಪಾದಕರಿಗೆ ಬರವಣಿಗೆಯ ಒಪ್ಪಂದ ಇದ್ದರೂ 45 ದಿನದೊಳಗೆ ಹಣ ಸಲ್ಲಬೇಕು, ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ.

ಸಹಾಯಧನವನ್ನು ಈ ಲೆಕ್ಕದೊಳಗೆ ತರಬೇಡಿ. 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಕಿರು ಆಹಾರ ಘಟಕಗಳಿಗೆ ಶೇ 35, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಇಟ್ಟಿದ್ದರು. ಆದರೆ ಅದು ಬ್ಯಾಂಕ್ ಸಾಲಕ್ಕೆ ಜೋಡಿಸಿದ ಹಣ, ಸಾಲದ ಖಾತೆಗೇ ಹೋಗುತ್ತದೆ. ಶೇಂಗಾ ಕೊಳ್ಳಲು ಕೈಗೆ ಸಿಗುವುದಿಲ್ಲ. ಸಹಾಯಧನ ಬರುತ್ತದೆಂದು ಬೇಡದ ಮೆಷಿನ್ ಕೊಂಡವರೇ ಹೆಚ್ಚು ಕಷ್ಟಪಡುತ್ತಾರೆ. ಯಾವ ಯೋಜನೆಗೆ ಈಗ ಅರ್ಜಿ ತೆರೆದಿದೆ ಎಂದು ಕೃಷಿ ಇಲಾಖೆ ಅಥವಾ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ.

9. ಬ್ಯಾಚ್ ನೋಟ್‌ಬುಕ್

ಒಂದು ದಿನ ಹುರಿದು ಬೀಸಿದ್ದು ಒಂದು ಬ್ಯಾಚ್. ಅದಕ್ಕೊಂದು ನಂಬರ್, ಪೌಚಿನ ಮೇಲೂ ಅದೇ ನಂಬರ್. ನೋಟ್‌ಬುಕ್ಕಿನಲ್ಲಿ ತಾರೀಖು, ಶೇಂಗಾ ಯಾರ ಅಂಗಡಿಯದು, ಒಳಹೋದ ತೂಕ, ಹೊರಬಂದ ತೂಕ, ಎಷ್ಟು ಪೌಚು, ಯಾವ ಅಂಗಡಿಗೆ ಹೋಯಿತು. ಇಷ್ಟಕ್ಕೆ ಅರ್ಧ ಪುಟ ಸಾಕು.

ಇದರಿಂದ ಎರಡು ಉಪಯೋಗ. ಗದಗಿನ ಅಂಗಡಿಯಿಂದ ಮುಗ್ಗಲು ವಾಸನೆ ಎಂದು ದೂರು ಬಂದರೆ ಆ ಬ್ಯಾಚ್ ಮಾತ್ರ ವಾಪಸ್ ತರಿಸಬಹುದು, ಇಡೀ ತಿಂಗಳ ಮಾಲನ್ನಲ್ಲ. ಇನ್ನೊಂದು, ತೂಕದ ನಷ್ಟ ಕಣ್ಣಿಗೆ ಕಾಣುತ್ತದೆ. ಮೆಣಸಿನಕಾಯಿಯ ತೊಟ್ಟು, ಶೇಂಗಾದ ಸಿಪ್ಪೆ, ಹುರಿದಾಗ ಹೋಗುವ ಪಸೆ, ಮೆಷಿನ್ನಿನಲ್ಲಿ ಉಳಿಯುವ ಪುಡಿ ಎಲ್ಲ ಸೇರಿ ಕೊಂಡ ತೂಕಕ್ಕೂ ಮಾರಿದ ತೂಕಕ್ಕೂ ಅಂತರ ಬಂದೇ ಬರುತ್ತದೆ. ಬೆಲೆ ಕಟ್ಟಬೇಕಾದ್ದು ಮಾರಿದ ತೂಕದ ಮೇಲೆ.

ಪ್ರತಿ ಬ್ಯಾಚಿನಿಂದ ಎರಡು ಪೌಚು ಎತ್ತಿಡಿ. ಒಂದನ್ನು ತಿಂಗಳಿಗೆ, ಇನ್ನೊಂದನ್ನು ಲೇಬಲ್ ಮೇಲೆ ನೀವು ಹಾಕಿದ ಅವಧಿ ಮುಗಿದ ದಿನ ಒಡೆದು ತಿಂದು ನೋಡಿ. ಅಗಸಿ, ಶೇಂಗಾದಂಥ ಎಣ್ಣೆಕಾಳಿನ ಪುಡಿಗಳು ಗಂಟು ಕಟ್ಟದಿದ್ದರೂ ಕಮಟು ಹಿಡಿಯುತ್ತವೆ. ಬೇರೆಯವರ ಪೌಚ್ ನೋಡಿ ‘6 ತಿಂಗಳು’ ಎಂದು ನೀವೂ ಅಚ್ಚು ಹಾಕಿಸಬೇಡಿ.

ಕಾಗದಪತ್ರ, ಚುಟುಕಾಗಿ

ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಇಲ್ಲದೆ ಒಂದು ಪೌಚೂ ಮಾರಬೇಡಿ. ಸಣ್ಣ ವಹಿವಾಟಿಗೆ ನೋಂದಣಿ ಸಾಕು, ದೊಡ್ಡದಾದರೆ ಪರವಾನಗಿ. ಮಿತಿ ಮತ್ತು ಶುಲ್ಕವನ್ನು ಎಫ್‌ಎಸ್‌ಎಸ್‌ಎಐನ ಫಾಸ್ಕಾಸ್ ಪೋರ್ಟಲ್‌ನಲ್ಲೇ ನೋಡಿಕೊಳ್ಳಿ. ಅಲ್ಲಿ ಸಿಗುವ 14 ಅಂಕಿಯ ನಂಬರ್ ಲೇಬಲ್ ಮೇಲೆ ಬರಬೇಕು. ಅದರ ಜೊತೆ ಪದಾರ್ಥಗಳ ಪಟ್ಟಿ, ಹಸಿರು ಚುಕ್ಕಿ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ತಯಾರಿಸಿದ ದಿನ, ಬಳಕೆಯ ಅವಧಿ, ಬ್ಯಾಚ್ ನಂಬರ್, ತಯಾರಕರ ವಿಳಾಸ, ಗ್ರಾಹಕರು ದೂರು ಹೇಳಬಹುದಾದ ಫೋನ್ ನಂಬರ್. ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೇಕು. ಗ್ರಾಮ ಪಂಚಾಯಿತಿ ಅಥವಾ ಪುರಸಭೆಯ ಪರವಾನಗಿಯನ್ನೂ ಕೇಳಿ ನೋಡಿ.

ಜಿಎಸ್‌ಟಿಯಲ್ಲಿ ಒಂದು ಮಾತು ಹಲವರಿಗೆ ಗೊತ್ತಿರುವುದಿಲ್ಲ. ಸರಕು ಮಾರುವವರಿಗೆ ಕರ್ನಾಟಕದೊಳಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ನೋಂದಣಿ ಕಡ್ಡಾಯವಲ್ಲ. ಆದರೆ ಪುಣೆ, ಮುಂಬೈ, ಹೈದರಾಬಾದಿನಲ್ಲಿರುವ ನಮ್ಮ ಕಡೆಯವರು ಫೋನ್ ಮಾಡಿ ತರಿಸಿಕೊಳ್ಳುವ ಮಾಲು ಹೊರರಾಜ್ಯದ ಮಾರಾಟ, ಅದಕ್ಕೆ ಈ ವಿನಾಯಿತಿ ಇಲ್ಲ. ಕೊರಿಯರ್ ವ್ಯಾಪಾರ ಶುರು ಮಾಡುವ ಮೊದಲೇ ಲೆಕ್ಕಪರಿಶೋಧಕರನ್ನು ಕೇಳಿ. ಮನೆಯ ಖಾತೆ, ಘಟಕದ ಖಾತೆ ಬೇರೆ ಬೇರೆ ಇರಲಿ. 2025ರ ಜುಲೈನಲ್ಲಿ ಯುಪಿಐ ಮೂಲಕ ಬಂದ ಮೊತ್ತ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಾಗ, ಯಾವುದು ವ್ಯಾಪಾರದ ಹಣ, ಯಾವುದು ಕೈಗಡ ಎಂದು ಬಿಡಿಸಿ ತೋರಿಸಲಾಗದವರೇ ಹೆಚ್ಚು ಪೇಚಾಡಿದರು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಅಚ್ಚು ಹಾಕಿದ ಪೌಚುಗಳನ್ನು ಮೊದಲೇ ತರಿಸುವುದು. ಮುದ್ರಿಸುವವರು ಸಾವಿರಗಳ ಲೆಕ್ಕದಲ್ಲೇ ಆರ್ಡರ್ ತೆಗೆದುಕೊಳ್ಳುತ್ತಾರೆ. ಅಷ್ಟರಲ್ಲಿ ವಿಳಾಸ, ಬೆಲೆ, ತೂಕ ಯಾವುದೊಂದು ಬದಲಾದರೂ ಅದು ರದ್ದಿ. ಮೊದಲ ವರ್ಷ ಬರಿಯ ಪೌಚು, ಮೇಲೊಂದು ಸ್ಟಿಕರ್.

ಒಂದು ದೊಡ್ಡ ಅಂಗಡಿಯನ್ನೇ ನೆಚ್ಚಿಕೊಳ್ಳುವುದು. ಅವರ ಖರೀದಿ ಮ್ಯಾನೇಜರ್ ಬದಲಾದರೆ ನಿಮ್ಮ ಅರ್ಧ ವ್ಯಾಪಾರ ಹೋಯಿತು.

ಪುಡಿಯನ್ನು ನುಣ್ಣಗೆ ಬೀಸುವುದು. ನೋಡಲು ಚೆಂದ, ಆದರೆ ಶೇಂಗಾ ನುಣ್ಣಗಾದಷ್ಟೂ ಎಣ್ಣೆ ಬಿಡುತ್ತದೆ, ಬೇಗ ಕಮಟುತ್ತದೆ. ತರಿತರಿಯಾಗಿರಲಿ, ತಿನ್ನುವವರಿಗೂ ಅದೇ ಇಷ್ಟ.

ಹಳೆಯ ಮಾಲು ಹಿಂದೆ, ಹೊಸದು ಮುಂದೆ ಜೋಡಿಸುವುದು. ಹೊಸ ಡಬ್ಬವನ್ನು ಯಾವಾಗಲೂ ಹಿಂದಿನಿಂದ ಇಡಿ. ಅಂಗಡಿಯ ಕಪಾಟಿನಲ್ಲೂ ನೀವೇ ಕೈ ಹಾಕಿ ಜೋಡಿಸಿ ಬನ್ನಿ.

ಹಬ್ಬದ ಆರ್ಡರಿಗೆ ‘ಆಯ್ತು’ ಎಂದುಬಿಡುವುದು. ದಿನಕ್ಕೆ 36 ಕೆಜಿ ಎಂದು ಗೊತ್ತಿರುವಾಗ ಮೂರು ದಿನದಲ್ಲಿ 200 ಕೆಜಿ ಒಪ್ಪಿಕೊಂಡರೆ ಆರುವ ಹೊತ್ತಿಗೇ ಕತ್ತರಿ ಬೀಳುತ್ತದೆ. ‘108 ಕೆಜಿ ಕೊಡಬಲ್ಲೆ, ಉಳಿದದ್ದು ಮುಂದಿನ ವಾರ’ ಎಂದು ಹೇಳಲು ಧೈರ್ಯ ಕೊಡುವುದು ನೀವು ಬರೆದಿಟ್ಟ ಲೆಕ್ಕವೇ.

ಎಚ್ಚರಿಕೆ

ಮೆಷಿನ್ ಓಡುವಾಗ ಸೆರಗು, ದುಪಟ್ಟಾ, ಬಿಚ್ಚಿದ ಕೂದಲು ಹತ್ತಿರ ಬರಕೂಡದು. ಸಿಕ್ಕಿಕೊಂಡದ್ದನ್ನು ತೆಗೆಯುವ ಮೊದಲು ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಖಾರ ಬೀಸುವವರಿಗೆ ಮಾಸ್ಕ್, ಕನ್ನಡಕ ಕೊಡಿ. ಗಿರಣಿಯಿಂದ ಬಂದ ಪುಡಿಯ ಮೇಲೆ ಒಂದು ಅಯಸ್ಕಾಂತ ಆಡಿಸಿ ನೋಡಿ, ಸವೆದ ಕಬ್ಬಿಣದ ಚೂರು ಸಿಗುವುದುಂಟು. ಒಲೆಯ ಕೋಣೆಯಲ್ಲಿ ಹೆಚ್ಚುವರಿ ಸಿಲಿಂಡರ್ ಇಡಬೇಡಿ.

ಎಲ್ಲಿಂದ ಶುರು

ಮೊದಲ ನಾಲ್ಕು ವಾರ ವಾರಕ್ಕೆ ಎರಡೇ ದಿನ ಕೆಲಸ ಮಾಡಿ, ನಾಲ್ಕೈದು ಅಂಗಡಿಗೆ ಮಾತ್ರ ಕೊಡಿ. ಉಳಿದ ದಿನಗಳಲ್ಲಿ ಲೆಕ್ಕ ಬರೆಯಿರಿ, ಅಂಗಡಿಗೆ ಹೋಗಿ ಎಷ್ಟು ಉಳಿದಿದೆ ನೋಡಿ. ಬೇರೆ ಊರಿಗೆ ಕಳಿಸಬೇಕಾದರೆ ಸಾರಿಗೆ ಬಸ್ಸಿನ ನಮ್ಮ ಕಾರ್ಗೋ, ಅಂಚೆ ಪಾರ್ಸೆಲ್ ಎರಡರಲ್ಲೂ ಒಂದೊಂದು ಡಬ್ಬ ಕಳಿಸಿ, ಯಾವುದು ಎಷ್ಟು ದಿನಕ್ಕೆ, ಯಾವ ಸ್ಥಿತಿಯಲ್ಲಿ ತಲುಪಿತು ಬರೆದಿಡಿ. ನಾಲ್ಕು ವಾರದ ಆ ನೋಟ್‌ಬುಕ್ ಹಿಡಿದುಕೊಂಡು ಬ್ಯಾಂಕಿಗೆ ಹೋದರೆ ಯೋಜನಾ ವರದಿಯ ಅರ್ಧ ಭಾಗ ಆಗಲೇ ನಿಮ್ಮ ಕೈಯಲ್ಲಿರುತ್ತದೆ.

ಉದ್ಯಮ್ ನೋಂದಣಿಗೆ ಸರ್ಕಾರದ ಶುಲ್ಕ ಇಲ್ಲ. ಆಧಾರ್, ಪ್ಯಾನ್ ಇದ್ದರೆ ಸರ್ಕಾರಿ ಜಾಲತಾಣದಲ್ಲಿ ನೀವೇ ಮಾಡಿಕೊಳ್ಳಬಹುದು. ಮಸಾಲೆ, ಪುಡಿಗಳ ತಯಾರಿಕೆ ಬಗ್ಗೆ ತಾಂತ್ರಿಕ ಸಲಹೆ ಬೇಕಾದರೆ ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ಲೆಕ್ಕಪತ್ರ, ಮಾರಾಟ, ಬ್ಯಾಂಕ್ ವ್ಯವಹಾರ ಕಲಿಯಬೇಕೆಂದರೆ 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮತ್ತು ಅದೇ ಮಾದರಿಯಲ್ಲಿ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಆರ್‌ಸೆಟಿಗಳನ್ನು ವಿಚಾರಿಸಿ. ಅಲ್ಲಿ ತರಬೇತಿಯ ಜೊತೆ ಊಟ, ವಸತಿಯೂ ಉಚಿತ.